ರಾತ್ರಿ ಪಾಳಿ

ಬಾಣಂತಿಗೆ ಹಗಲು ಹೇಗೋ ಸರಿದುಹೋಗುತ್ತದೆ. ಎಣ್ಣೆ, ನೀರು, ಧೂಪ, ಹೊತ್ತು ಹೊತ್ತಿಗೆ ಬಿಸಿ ಊಟ, ನೋಡಲು ಬಂದವರ ಮಾತು ಎಂದು ಮನೆಯೆಲ್ಲ ಅವಳ ಸುತ್ತಲೇ ಓಡಾಡುತ್ತಿರುತ್ತದೆ. ಕಷ್ಟವೆಲ್ಲ ರಾತ್ರಿಯದು. ಬಂದವರು ಹೋಗಿ, ಪಾತ್ರೆ ತೊಳೆದಿಟ್ಟು, ಒಬ್ಬೊಬ್ಬರಾಗಿ ಮಲಗಿದ ಮೇಲೆ ಎಚ್ಚರವಿರಬೇಕಾದವಳು ಅವಳೊಬ್ಬಳೇ. ಆ ರಾತ್ರಿಗಳ ಬಗ್ಗೆ ನಮ್ಮಲ್ಲಿ ಮಾತು ಕಡಿಮೆ. ಹೆರಿಗೆ ನೋವಿನ ಕತೆಯನ್ನು ಎಲ್ಲ ಹೆಂಗಸರೂ ಹೇಳುತ್ತಾರೆ, ಆಮೇಲಿನ ತಿಂಗಳುಗಳ ನಿದ್ದೆಗೆಟ್ಟ ರಾತ್ರಿಗಳನ್ನು ಹೇಳಿಕೊಳ್ಳುವಂಥದ್ದೆಂದೇ ಯಾರೂ ಎಣಿಸುವುದಿಲ್ಲ. ನನಗೆ ಹೇಳಬೇಕೆನ್ನಿಸುತ್ತದೆ. ಏಕೆಂದರೆ ನಾನು ಅದನ್ನು ಎರಡು ಮನೆಗಳಲ್ಲಿ, ಎರಡು ರೀತಿಯಲ್ಲಿ ಕಳೆದಿದ್ದೇನೆ.

ನನ್ನ ಮಗಳು ಹುಟ್ಟಿದ್ದು 2014ರ ಜೂನ್‌ನಲ್ಲಿ, ತೀರ್ಥಹಳ್ಳಿ ಕಡೆಯ ನನ್ನ ತವರಿನಲ್ಲಿ ಮಳೆ ಹಿಡಿದ ಹೊತ್ತಿಗೆ. ಆಸ್ಪತ್ರೆಯಿಂದ ಮನೆಗೆ ಬಂದ ಮೊದಲ ರಾತ್ರಿಯೇ ಗೊತ್ತಾಯಿತು, ಪುಸ್ತಕದಲ್ಲಿ ಓದಿಕೊಂಡದ್ದು ಯಾವುದಕ್ಕೂ ಸಾಲದು ಎಂದು. ಎಳೆಗೂಸು ದಿನಕ್ಕೆ 8ರಿಂದ 12 ಸಲ ಹಾಲು ಕುಡಿಯುತ್ತದೆ ಎಂದು ಓದಿದ್ದೆ. ಆದರೆ ಒಂದು ಸಲ ಅಂದರೆ ಏನೆಲ್ಲ ಎಂದು ಯಾರು ಬರೆದಿರುತ್ತಾರೆ? ಕೂಸು ಮಿಸುಕುತ್ತದೆ, ತಲೆಯನ್ನು ಆಚೆ ಈಚೆ ಹೊರಳಿಸುತ್ತದೆ, ಮುಷ್ಟಿಯನ್ನು ಬಾಯಿಗೆ ಒಯ್ಯುತ್ತದೆ. ಅಷ್ಟರಲ್ಲೇ ಎತ್ತಿಕೊಳ್ಳಬೇಕು, ಅಳು ಶುರುವಾದ ಮೇಲೆ ಮೊಲೆ ಹಿಡಿಯುವುದಿಲ್ಲ. ಒಂದು ಬದಿ ಕುಡಿಸಿ, ಹೆಗಲಿಗೆ ಹಾಕಿ ತೇಗಿಸಿ, ಇನ್ನೊಂದು ಬದಿಗೆ ಹಾಕುವಷ್ಟರಲ್ಲಿ ಅದಕ್ಕೆ ಜೊಂಪು. ಮಲಗಿಸಲು ಹೋದರೆ ಬಟ್ಟೆ ಒದ್ದೆ. ಬಟ್ಟೆ ಬದಲಿಸಿದರೆ ಪೂರ್ತಿ ಎಚ್ಚರ. ಆಗ ತೊಡೆಯ ಮೇಲೆ ಹಾಕಿ ತಟ್ಟಬೇಕು, ಇಲ್ಲವೇ ಎತ್ತಿಕೊಂಡು ಕೋಣೆಯ ಆ ಗೋಡೆಯಿಂದ ಈ ಗೋಡೆಗೆ ನಡೆಯಬೇಕು. ಎಲ್ಲ ಮುಗಿದು ತಲೆ ದಿಂಬಿಗೆ ಇಡುವ ಹೊತ್ತಿಗೆ ಒಂದು ಗಂಟೆ ಕಳೆದಿರುತ್ತದೆ. ಇನ್ನೊಂದು ಗಂಟೆಗೆ ಮತ್ತೆ ಹಸಿವು. ಎದೆಹಾಲು ಬೇಗ ಅರಗುತ್ತದೆ, ಅದು ಕೂಸಿನ ತಪ್ಪಲ್ಲ.

ಇಷ್ಟರಲ್ಲಿ ನಾನೊಬ್ಬಳೇ ಮಾಡಬಹುದಾದ ಕೆಲಸ ಯಾವುದು? ಹಾಲು ಕೊಡುವುದೊಂದೇ. ಉಳಿದದ್ದೆಲ್ಲ ಯಾರ ಕೈಯಿಂದಲಾದರೂ ಆಗುತ್ತದೆ. ಈ ಮಾತನ್ನು ಈಗ ಇಷ್ಟು ಸುಲಭವಾಗಿ ಬರೆಯುತ್ತೇನೆ, ಆಗ ನನಗೆ ಹೊಳೆದಿರಲಿಲ್ಲ. ಹೊಳೆದಿದ್ದು ನನ್ನ ಅಜ್ಜಿಗೆ. ಹೊಳೆಯುವುದೇನು, ಅವಳ ಪಾಲಿಗೆ ಅದು ತಲೆತಲಾಂತರದಿಂದ ನಡೆದುಬಂದ ಕ್ರಮ.

ಬಾಣಂತಿ ಕೋಣೆಯಲ್ಲಿ ನೆಲದ ಮೇಲೆ ನನ್ನ ಹಾಸಿಗೆ, ಪಕ್ಕದಲ್ಲಿ ಕೂಸಿನದು, ಬಾಗಿಲ ಕಡೆ ಇನ್ನೊಂದು ಚಾಪೆ. ಆ ಚಾಪೆಯಲ್ಲಿ ಮೊದಲ ಜಾವಕ್ಕೆ ಅಮ್ಮ. ರಾತ್ರಿ ಎರಡರ ಹೊತ್ತಿಗೆ ಅಜ್ಜಿ ಎದ್ದು ಬರುತ್ತಿದ್ದಳು. "ನಂಗೆ ಹ್ಯಾಗೂ ನಿದ್ದೆ ಬರಲ್ಲ, ನೀ ಹೋಗಿ ಮಲಕ್ಕೊ" ಎಂದು ಅಮ್ಮನನ್ನು ಕಳಿಸುತ್ತಿದ್ದಳು. ಹಾಲು ಕುಡಿಸಿ ಮುಗಿದ ತಕ್ಷಣ ಚಾಪೆಯ ಕಡೆಯಿಂದ ಎರಡು ಕೈ ಮುಂದೆ ಬರುತ್ತಿದ್ದವು. "ಕೊಡು ಇಲ್ಲಿ." ಅಷ್ಟೇ ಮಾತು. ನಾನು ಕೂಸನ್ನು ಕೊಟ್ಟು ಅಲ್ಲೇ ಒರಗಿದರೆ ಮುಂದಿನ ಹಸಿವಿನವರೆಗೆ ನನ್ನನ್ನು ಯಾರೂ ಎಬ್ಬಿಸುತ್ತಿರಲಿಲ್ಲ. ತೇಗಿಸಿದ್ದು, ಬಟ್ಟೆ ಬದಲಿಸಿದ್ದು, ತಟ್ಟಿ ಮಲಗಿಸಿದ್ದು ನನಗೆ ಗೊತ್ತೇ ಆಗುತ್ತಿರಲಿಲ್ಲ.

ಆ ಮಳೆಯಲ್ಲಿ ಬಟ್ಟೆ ಒಣಗಿಸುವುದೇ ಒಂದು ದೊಡ್ಡ ಕೆಲಸ. ಆಷಾಢದಲ್ಲಿ ನಮ್ಮ ಕಡೆ ಹಗ್ಗದ ಮೇಲೆ ಹಾಕಿದ ಬಟ್ಟೆ ನಾಲ್ಕು ದಿನವಾದರೂ ತಣ್ಣಗೇ ಇರುತ್ತದೆ. ಕೂಸಿಗೆ ಅದನ್ನು ಕಟ್ಟುವ ಹಾಗಿಲ್ಲ. ಬಚ್ಚಲ ಒಲೆಯಿಂದ ಕೆಂಡ ತೆಗೆದು ಕಬ್ಬಿಣದ ಬಾಣಲೆಗೆ ಹಾಕಿ, ಅದರ ಮೇಲೆ ಬಿದಿರಿನ ದೊಡ್ಡ ಬುಟ್ಟಿಯೊಂದನ್ನು ಬೋರಲು ಹಾಕುತ್ತಿದ್ದರು. ಒಗೆದು ಹಿಂಡಿದ ಬಟ್ಟೆಗಳನ್ನು ಬುಟ್ಟಿಯ ಬೆನ್ನಿನ ಮೇಲೆ ಒಂದರ ಪಕ್ಕ ಒಂದು ಹರಡುತ್ತಿದ್ದರು. ಎಲ್ಲ ಅಮ್ಮನ ಹಳೆಯ ಹತ್ತಿಸೀರೆ ಹರಿದು ಮಾಡಿದ ಚೌಕಗಳು. ಕೆಂಡಕ್ಕೆ ಒಂದು ಚಿಟಿಕೆ ಸಾಂಬ್ರಾಣಿ. ಬಟ್ಟೆಯಿಂದ ಮೊದಲು ಹಬೆ ಏಳುತ್ತಿತ್ತು, ಆಮೇಲೆ ಅಂಚು ಗರಿಗರಿಯಾಗಿ ಮೇಲೆ ಸುರುಟಿಕೊಳ್ಳುತ್ತಿತ್ತು. ಅಂಚು ಸುರುಟಿದ್ದನ್ನು ತಿರುವಿ ಹಾಕಿ, ಒಣಗಿದ್ದನ್ನು ಮಡಿಸಿ ಮೊಣಕಾಲ ಪಕ್ಕ ಪೇರಿಸುತ್ತ ಅಜ್ಜಿ ಕೂತಿರುತ್ತಿದ್ದಳು. ಕೆಂಡದ ಕೋಣೆ ಬೇರೆ, ಕೂಸು ಮಲಗುವ ಕೋಣೆ ಬೇರೆ. ಮಗುವಿಗೆ ಹೊಗೆ ಕುಡಿಸಬಾರದೆಂದು ಡಾಕ್ಟರು ಹೇಳಿದ ಮೇಲೆ ಅವಳು ಅಷ್ಟನ್ನು ಮರುಮಾತಿಲ್ಲದೆ ಬದಲಿಸಿಕೊಂಡಿದ್ದಳು.

ಆ ಬಟ್ಟೆಗಳೇ ಒಂದು ಜಗಳವನ್ನು ತೀರ್ಮಾನಿಸಿದವು. ಕೂಸಿಗೆ ಆರು ವಾರ ತುಂಬುವ ಹೊತ್ತಿಗೆ ಸಂಜೆಯಾದರೆ ಸಾಕು, ಒಂದೇ ಸಮ ಹಾಲಿಗೆ ಹಾತೊರೆಯಲು ಶುರು ಮಾಡಿತು. ಕುಡಿದು ಹತ್ತು ನಿಮಿಷಕ್ಕೆ ಮತ್ತೆ ಅಳು. ನೋಡಲು ಬಂದವರೆಲ್ಲ ಒಂದೇ ಮಾತು: "ಹಾಲು ಸಾಲ್ತಾ ಇಲ್ಲ ಅನ್ಸುತ್ತೆ, ಡಬ್ಬಿ ಹಾಲು ಶುರು ಮಾಡಿ." ಎಳೆಬಾಣಂತಿಗೆ ಇದಕ್ಕಿಂತ ಚುಚ್ಚುವ ಮಾತಿಲ್ಲ. ಅಜ್ಜಿ ಮಾತ್ರ ತಲೆ ಅಲ್ಲಾಡಿಸಿದಳು. "ಬೆಳಿಗ್ಗೆಯಿಂದ ಎಷ್ಟು ಬಟ್ಟೆ ಒಣಗಿಸಿದೀನಿ ಅಂತ ನಂಗೆ ಗೊತ್ತು. ಹೊಟ್ಟೆಗೆ ಹೋಗದೆ ಇದ್ರೆ ಇಷ್ಟು ಉಚ್ಚೆ ಎಲ್ಲಿಂದ ಬರುತ್ತೆ?" ಮರುವಾರ ಮಕ್ಕಳ ಡಾಕ್ಟರ ಹತ್ತಿರ ಹೋದಾಗ ಅವರು ಮಗುವನ್ನು ತೂಗಿದರು, ನನ್ನನ್ನು ಕೇಳಿದ ಮೊದಲ ಪ್ರಶ್ನೆ ದಿನಕ್ಕೆ ಎಷ್ಟು ಸಲ ಬಟ್ಟೆ ಒದ್ದೆ ಮಾಡುತ್ತದೆ ಎಂದು. ಆರಕ್ಕಿಂತ ಹೆಚ್ಚಿದ್ದು, ತೂಕ ಏರುತ್ತಿದ್ದರೆ ಹಾಲು ಸಾಲುತ್ತಿದೆ ಎಂದೇ ಅರ್ಥ. ಸಂಜೆಯ ಆ ಹಾತೊರೆತ ಬೆಳೆಯುವ ಮಗು ಹಾಲನ್ನು ಹೆಚ್ಚಿಸಿಕೊಳ್ಳುವ ದಾರಿ, ಎಷ್ಟು ಕುಡಿದರೆ ಅಷ್ಟು ಊರುತ್ತದೆ, ಕೆಲವು ದಿನದಲ್ಲಿ ತಾನಾಗಿ ತಗ್ಗುತ್ತದೆ ಎಂದರು. ಹಾಗೆಯೇ ಆಯಿತು.

ಅವರೇ ಇನ್ನೊಂದು ವಿಷಯ ಹೇಳಿದ್ದು ನನಗೆ ಬಹಳ ದಿನ ಧೈರ್ಯ ಕೊಟ್ಟಿತು. ಹಾಲು ಊರಲು ಬೇಕಾದ ಪ್ರೊಲ್ಯಾಕ್ಟಿನ್ ಎಂಬ ಹಾರ್ಮೋನು ರಾತ್ರಿಯಲ್ಲೇ ಹೆಚ್ಚು. ರಾತ್ರಿ ಕುಡಿಸಿದರೆ ಹಗಲಿನ ಹಾಲೂ ಕುಂದದೆ ಉಳಿಯುತ್ತದೆ. ಕೂಸಿಗೆ ಹುಟ್ಟಿದಾಗ ಹಗಲು ರಾತ್ರಿಯ ಪರಿವೆ ಇರುವುದಿಲ್ಲ, ನಿದ್ದೆ ತರುವ ಮೆಲಟೋನಿನ್ನನ್ನು ಅದರ ಮೈ ಹೊತ್ತಿಗೆ ಸರಿಯಾಗಿ ಮಾಡಿಕೊಳ್ಳಲು ಎರಡು ಮೂರು ತಿಂಗಳು ಬೇಕು. ಅಲ್ಲಿಯವರೆಗೆ ತಾಯಿಯ ರಾತ್ರಿಹಾಲಿನಲ್ಲೇ ಆ ಅಂಶ ಸೇರಿ ಬರುತ್ತದಂತೆ. ನಡುರಾತ್ರಿ ಕಣ್ಣು ಉರಿಯುತ್ತಿರುವಾಗ ನನ್ನ ಮೈ ಸುಮ್ಮನೆ ದಣಿಯುತ್ತಿಲ್ಲ, ಮಗುವಿಗೆ ರಾತ್ರಿಯನ್ನು ಕಲಿಸುತ್ತಿದೆ ಎಂದುಕೊಳ್ಳುವುದು ಹಿತವಾಗಿತ್ತು. ದಣಿವೇನೂ ಕಡಿಮೆಯಾಗಲಿಲ್ಲ.

ಅಜ್ಜಿಯದೆಲ್ಲ ಸರಿಯಿತ್ತೆಂದು ಹೇಳಲಾರೆ. ಬಾಣಂತಿ ಹೆಚ್ಚು ನೀರು ಕುಡಿದರೆ ಮೈ ಊದುತ್ತದೆ ಎಂಬ ಹಳೆಯ ನಂಬಿಕೆ ಅವಳಲ್ಲಿ ಗಟ್ಟಿಯಾಗಿತ್ತು. ಆದರೆ ಕೂಸು ಮೊಲೆ ಹಿಡಿದು ಹಾಲು ಇಳಿಯತೊಡಗಿದ ಗಳಿಗೆಗೇ ಗಂಟಲು ಒಣಗುವ ಬಾಯಾರಿಕೆ ಎಂಥದೆಂದು ಕುಡಿಸಿದವರಿಗೇ ಗೊತ್ತು. ಅಮ್ಮ ತನ್ನ ಅತ್ತೆಯ ಹತ್ತಿರ ವಾದಕ್ಕೆ ಹೋಗಲಿಲ್ಲ. ರಾತ್ರಿ ಮಲಗುವ ಮುಂಚೆ ಫ್ಲಾಸ್ಕಿನ ತುಂಬ ಜೀರಿಗೆ ನೀರು ಕಾಯಿಸಿ ನನ್ನ ದಿಂಬಿನ ಪಕ್ಕ ಇಟ್ಟು, ಮೇಲೊಂದು ಟವೆಲ್ ಮುಚ್ಚುತ್ತಿದ್ದಳು. ಬೆಳಿಗ್ಗೆ ಅದು ಖಾಲಿ ಇರುತ್ತಿತ್ತು. ಮೂರು ತಿಂಗಳೂ ಅಜ್ಜಿ ಆ ಟವೆಲ್ಲನ್ನು ಎತ್ತಿ ನೋಡಲಿಲ್ಲ. ಅವಳಿಗೆ ಗೊತ್ತಿತ್ತೆಂದೇ ನನ್ನ ನಂಬಿಕೆ.

ಗೌರಿ ಹಬ್ಬ ಮುಗಿಸಿಕೊಂಡು ಬೆಂಗಳೂರಿಗೆ ಹೊರಟೆವು. ಐದನೇ ತಿಂಗಳಿಗೆ ಕಳಿಸುವುದು ನಮ್ಮ ಕಡೆಯ ಪದ್ಧತಿ, ಆದರೆ ನನ್ನ ರಜೆ ಮುಗಿದಿತ್ತು. 1961ರ ಹೆರಿಗೆ ಸೌಲಭ್ಯ ಕಾಯ್ದೆಯಂತೆ ಆಗ ಖಾಸಗಿ ಕೆಲಸದವರಿಗೆ ಸಿಗುತ್ತಿದ್ದದ್ದು 12 ವಾರ. ಆರು ತಿಂಗಳು ಎದೆಹಾಲು ಬಿಟ್ಟು ನೀರೂ ಕೊಡಬೇಡಿ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ, ನಮ್ಮ ಸರ್ಕಾರವೂ ಅದನ್ನೇ ಹೇಳುತ್ತದೆ. ಮೂರೇ ತಿಂಗಳಿಗೆ ಕೆಲಸಕ್ಕೆ ಬಾ ಎನ್ನುತ್ತಿತ್ತು ಕಾನೂನು. ಮಗುವಿಗೆ 15 ತಿಂಗಳಾಗುವವರೆಗೆ ದಿನಕ್ಕೆರಡು ಸಲ ಹಾಲೂಡಿಸಲು ಬಿಡುವು ಕೊಡಬೇಕೆಂದು ಅದೇ ಕಾಯ್ದೆಯಲ್ಲಿ ಇತ್ತು. ಮಗು ಬನಶಂಕರಿಯ ಮನೆಯಲ್ಲಿ, ನಾನು ವೈಟ್‌ಫೀಲ್ಡ್‌ನಲ್ಲಿ. ಆ ಬಿಡುವಿನಲ್ಲಿ ಸಿಲ್ಕ್ ಬೋರ್ಡ್ ದಾಟುವುದೂ ಆಗದು.

ಹಾಸನದಿಂದ ಅತ್ತೆ ಬಂದು ಹಗಲಿನಲ್ಲಿ ಮಗುವನ್ನು ನೋಡಿಕೊಂಡರು. ಅವರಿಗೆ ಮಂಡಿ ನೋವು, ಬಿಪಿ. ಹಗಲೆಲ್ಲ ದುಡಿದವರನ್ನು ರಾತ್ರಿ ಎಬ್ಬಿಸುವಂತಿರಲಿಲ್ಲ. ಫ್ಲ್ಯಾಟಿನ ಕೋಣೆಯಲ್ಲಿ ಬಾಗಿಲ ಕಡೆ ಚಾಪೆ ಇರಲಿಲ್ಲ. ಮಗು ಎದ್ದರೆ ನಾನೇ, ತೇಗಿಸಲು ನಾನೇ, ಬಟ್ಟೆಗೂ ನಾನೇ. ಗಂಡ ಎಚ್ಚರಾಗಿ "ಏನಾದ್ರೂ ಮಾಡ್ಲಾ?" ಎಂದು ಕೇಳುತ್ತಿದ್ದರು. ನಿದ್ದೆಗಣ್ಣಿನಲ್ಲಿ ಆ ಪ್ರಶ್ನೆಗೆ ಉತ್ತರ ಹುಡುಕುವುದೂ ಒಂದು ಕೆಲಸವೇ, ಹೀಗಾಗಿ "ಏನೂ ಬೇಡ, ಮಲಗಿ" ಎನ್ನುತ್ತಿದ್ದೆ. ಬೆಳಿಗ್ಗೆ ಆರೂವರೆಗೆ ಮನೆ ಬಿಡಬೇಕು. ಬಸ್ಸಿನಲ್ಲಿ ಕಂಬಿ ಹಿಡಿದು ನಿಂತಲ್ಲೇ ನಿದ್ದೆ ಹೋಗುತ್ತಿದ್ದೆ. ಆಫೀಸಿನಲ್ಲಿ ಹಳೆಯ ಕಂಪ್ಯೂಟರ್ ಪೇರಿಸಿಟ್ಟ ಸ್ಟೋರ್ ರೂಮಿನ ಬಾಗಿಲು ಹಾಕಿಕೊಂಡು ಹಾಲು ತೆಗೆದು ಬಾಟಲಿಗೆ ತುಂಬಿ, ಫ್ರಿಜ್ಜಿನಲ್ಲಿ ಊಟದ ಡಬ್ಬಿಗಳ ಹಿಂದೆ ಇಡುತ್ತಿದ್ದೆ. ಒಂದು ಮಧ್ಯಾಹ್ನ ಯಾರೋ ಬಾಗಿಲು ತಟ್ಟಿದಾಗ ಗಾಬರಿಗೆ ಬಾಟಲಿ ಉರುಳಿತು. ನೆಲದ ಮೇಲೆ ಹರಿದ ಹಾಲನ್ನು ನೋಡಿ ಎದ್ದು ಒರೆಸಲೂ ಆಗದಷ್ಟು ಅತ್ತೆ.

ಆ ವಾರ ತವರಿಗೆ ಫೋನ್ ಮಾಡಿದಾಗ ಅಜ್ಜಿ ಕೇಳಿದ್ದು ಒಂದೇ ಪ್ರಶ್ನೆ: "ರಾತ್ರಿ ಯಾರು ಕೂರ್ತಾರೆ?" ಯಾರೂ ಇಲ್ಲ ಎಂದೆ. "ಅಳಿಯಂದಿರಿಗೆ ಫೋನ್ ಕೊಡು" ಎಂದಳು.

ಇಬ್ಬರೂ ಏನು ಮಾತಾಡಿದರೋ ಪೂರ್ತಿ ಕೇಳಲಿಲ್ಲ. ಮುಂದಿನ ವಾರ ಊರಿಂದ ಬಂದ ಅಮ್ಮನ ಚೀಲದಲ್ಲಿ ಮನೆಯ ಬೆಳ್ಳಿಯ ಒಳಲೆ ಇತ್ತು. ನನಗೆ ಹಾಲು ಕುಡಿಸಿದ್ದು ಅದರಲ್ಲೇ. ಅಂಗೈಯಲ್ಲಿ ಅಡಗುವ ಪುಟ್ಟ ಬಟ್ಟಲು, ಒಂದು ಕಡೆ ಮೂತಿ ಚೂಪಾಗಿ ಹೊರಚಾಚಿರುತ್ತದೆ. ಈಗಲೂ ಆಸ್ಪತ್ರೆಗಳಲ್ಲಿ ದಿನ ತುಂಬದೆ ಹುಟ್ಟಿದ, ಇನ್ನೂ ಮೊಲೆ ಚೀಪಲಾಗದ ಕೂಸುಗಳಿಗೆ ತಾಯಿಯ ಹಾಲನ್ನು ಇದರಲ್ಲೇ ಕುಡಿಸುತ್ತಾರೆ. ಬಾಟಲಿಯ ನಿಪ್ಪಲಿಗೆ ಹೋಲಿಸಿದರೆ ತೊಳೆದು ಕುದಿಸುವುದು ಸುಲಭ. ಕೂಸನ್ನು ಕಾಲ ಮೇಲೆ ಅಂಗಾತ ಹಾಕಿಕೊಂಡು ಬಾಯಿಗೆ ಸುರಿಯುವುದು ಹಳೆಯ ಕ್ರಮ, ಅದರಲ್ಲಿ ಹಾಲು ನೆತ್ತಿಗೇರುವ ಅಪಾಯವಿದೆ. ಮಕ್ಕಳ ಡಾಕ್ಟರು ನನ್ನ ಗಂಡನಿಗೆ ಬೇರೆ ರೀತಿ ತೋರಿಸಿಕೊಟ್ಟರು. ಮಗುವನ್ನು ಎಡತೋಳಿನಲ್ಲಿ ಅರ್ಧ ಕೂತಂತೆ ಒರಗಿಸಿಕೊಳ್ಳಬೇಕು. ಒಳಲೆಯ ಮೂತಿಯನ್ನು ಕೆಳತುಟಿಯ ಮೂಲೆಗೆ ತಾಗಿಸಿ, ಹಾಲು ತುಟಿಗೆ ಸೋಕುವಷ್ಟೇ ಬಾಗಿಸಬೇಕು. ನಾಲಿಗೆ ಚಾಚಿ ಮಗು ತಾನೇ ಎಳೆದುಕೊಳ್ಳುತ್ತದೆ. ನುಂಗಿತೆಂದು ಗೊತ್ತಾದ ಮೇಲೆ ಮತ್ತೆ ಅಷ್ಟು. ಅವಸರ ಸಲ್ಲ. ಸ್ಪ್ರೆಡ್‌ಶೀಟಿನ ಮೇಲೆ ಓಡುವ ಗಂಡನ ಬೆರಳು ಅಷ್ಟು ನಿಧಾನವಾದದ್ದನ್ನು ನಾನು ಅದೇ ಮೊದಲು ಕಂಡಿದ್ದು.

ರಾತ್ರಿಯನ್ನು ಎರಡು ಪಾಲು ಮಾಡಿದೆವು. ಒಂಬತ್ತಕ್ಕೆ ನಾನು ಕುಡಿಸಿ ಮಲಗುತ್ತಿದ್ದೆ, ಇನ್ನೊಂದು ಕೋಣೆಯಲ್ಲಿ, ಬಾಗಿಲು ಹಾಕಿಕೊಂಡು. ಹನ್ನೆರಡರ ಆಸುಪಾಸಿಗೆ ಮಗು ಎದ್ದಾಗ ಗಂಡ ಫ್ರಿಜ್ಜಿನ ಹಾಲನ್ನು ಬಿಸಿನೀರಿನ ಬಟ್ಟಲಲ್ಲಿಟ್ಟು ಬೆಚ್ಚಗೆ ಮಾಡಿ ಒಳಲೆಯಲ್ಲಿ ಕುಡಿಸುತ್ತಿದ್ದರು. ಎರಡು ಗಂಟೆಯ ನಂತರದ್ದು ನನ್ನ ಪಾಲು. ಮೊದಲ ರಾತ್ರಿ ಗೋಡೆಯಾಚೆಯ ಅಳು ಕೇಳಿ ಎದ್ದು ಬಾಗಿಲವರೆಗೆ ಹೋಗಿದ್ದೆ. ಮೂರನೇ ರಾತ್ರಿ ಕೇಳಿಸಲೇ ಇಲ್ಲ. ಎದೆ ಬಿಗಿದು, ರವಿಕೆ ಒದ್ದೆಯಾಗಿ ಎಚ್ಚರಾದಾಗ ಗಡಿಯಾರ ಎರಡೂ ಕಾಲು ತೋರಿಸುತ್ತಿತ್ತು. ಒಟ್ಟಿಗೆ ಐದು ಗಂಟೆ ನಿದ್ದೆ. ಬರಗಾಲದ ಮಣ್ಣಿಗೆ ಮಳೆ ಬಿದ್ದಂತೆ ಅದು ಮೈಯೊಳಗೆ ಇಳಿದಿತ್ತು. ಅದೇ ಐದು ಗಂಟೆ ಐದು ತುಂಡಾಗಿ ಬಂದಿದ್ದರೆ ಏನೂ ಆಗುತ್ತಿರಲಿಲ್ಲ, ಇದು ಅನುಭವದಿಂದ ಹೇಳುವ ಮಾತು. ಆ ದಿನ ಆಫೀಸಿನಲ್ಲಿ ಬಹಳ ದಿನದ ಮೇಲೆ ನನಗೆ ಊಟ ರುಚಿಸಿತು.

ಗಂಡನಿಗೂ ಇದರಿಂದ ಒಂದು ದಕ್ಕಿತು. ಅಲ್ಲಿಯವರೆಗೆ ಮಗು ಅತ್ತರೆ ನನ್ನ ಕೈಗೆ ಕೊಡುತ್ತಿದ್ದವರಿಗೆ ಹಸಿವಿನ ಅಳು ಯಾವುದು, ಗಾಳಿ ಸೇರಿ ಹೊಟ್ಟೆ ಉಬ್ಬಿದ ಅಳು ಯಾವುದು ಎಂದು ತಿಳಿಯತೊಡಗಿತು. ಸೋಫಾದ ಮೇಲೆ ಒರಗಿ ಎದೆಯ ಮೇಲೆ ಮಗುವನ್ನು ಹಾಕಿಕೊಂಡು ನಿದ್ದೆ ಹೋಗುವುದು ಎಷ್ಟು ಅಪಾಯ, ಕುಡಿಸಿ ತೇಗಿಸಿದ ಮೇಲೆ ಗಟ್ಟಿ ಹಾಸಿಗೆಯಲ್ಲಿ ಅಂಗಾತವೇ ಮಲಗಿಸಬೇಕು ಎಂಬುದನ್ನೆಲ್ಲ ಅವರೇ ಡಾಕ್ಟರ ಹತ್ತಿರ ಕೇಳಿ ತಿಳಿದುಕೊಂಡು ಬಂದರು. ರಾತ್ರಿ ಕೂತವರಿಗೆ ಮಾತ್ರ ಕೇಳಲು ಹೊಳೆಯುವ ಪ್ರಶ್ನೆಗಳು ಅವು.

ನನ್ನ ಗೆಳತಿಯೊಬ್ಬಳಿಗೆ ಈ ಪಾಲು ಸಿಗಲಿಲ್ಲ. ರಾತ್ರಿಯೆಲ್ಲ ಒಬ್ಬಳೇ ಕೂತು, ಮಗು ಮಲಗಿದಾಗಲೂ ನಿದ್ದೆ ಬಾರದಂತಾಗಿ, ಮೂರನೇ ತಿಂಗಳಲ್ಲಿ ಅವಳು ಮಗುವನ್ನು ಎತ್ತಿಕೊಳ್ಳಲೇ ಹೆದರುತ್ತಿದ್ದಳು. "ಎಲ್ಲ ಹೆಂಗಸರೂ ಮಾಡಲ್ವಾ?" ಎಂದರು ಮನೆಯವರು. ಹೆರಿಗೆಯಾದ ಮೊದಲ ದಿನಗಳಲ್ಲಿ ಕಾರಣವಿಲ್ಲದೆ ಅಳು ಬರುವುದುಂಟು, ಅದು ಸಾಮಾನ್ಯವಾಗಿ ಎರಡು ವಾರದೊಳಗೆ ಹೋಗುತ್ತದೆ. ಹೋಗದೆ ಉಳಿದರೆ ಅದು ಕಾಯಿಲೆ, ಅದಕ್ಕೆ ಚಿಕಿತ್ಸೆ ಇದೆ. ನಿಮ್ಹಾನ್ಸ್‌ನಲ್ಲಿ ಇಂಥ ತಾಯಂದಿರನ್ನು ಮಗುವಿನಿಂದ ಅಗಲಿಸದೆ ಜೊತೆಯಲ್ಲೇ ಇಟ್ಟುಕೊಂಡು ನೋಡಿಕೊಳ್ಳುವ ವಿಭಾಗವೇ 2009ರಿಂದ ಇದೆ. ಈಗ ಟೆಲಿ ಮಾನಸ್ ಎಂಬ ಸಹಾಯವಾಣಿ ಇದೆ, 14416ಕ್ಕೆ ಫೋನ್ ಮಾಡಿದರೆ ಕನ್ನಡದಲ್ಲೇ ಮಾತಾಡಬಹುದು. ಗೆಳತಿಯನ್ನು ಅವಳ ಅಕ್ಕ ಹಟ ಹಿಡಿದು ಡಾಕ್ಟರ ಹತ್ತಿರ ಕರೆದುಕೊಂಡು ಹೋದಳು. ಔಷಧಿಯ ಜೊತೆಗೆ ಅವರು ಮನೆಯವರಿಗೆ ಕಟ್ಟುನಿಟ್ಟಾಗಿ ಹೇಳಿದ್ದು, ಇವಳಿಗೆ ರಾತ್ರಿ ನಿದ್ದೆ ಸಿಗಬೇಕು, ಅದನ್ನು ಹೇಗೆ ಮಾಡುತ್ತೀರೋ ಮಾಡಿ ಎಂದು. ಚೇತರಿಸಿಕೊಂಡಳು. ಆ ತಿಂಗಳುಗಳನ್ನು ನೆನೆದರೆ ನನಗೆ ಇಂದಿಗೂ ಸಿಟ್ಟು ಬರುತ್ತದೆ. ಅವಳ ಮನೆಯಲ್ಲಿ ದೊಡ್ಡವರು ನಾಲ್ಕು ಜನ ಇದ್ದರು.

2017ರ ತಿದ್ದುಪಡಿಯಲ್ಲಿ ಮೊದಲೆರಡು ಮಕ್ಕಳಿಗೆ ಹೆರಿಗೆ ರಜೆ 26 ವಾರವಾಯಿತು, 50 ಅಥವಾ ಅದಕ್ಕಿಂತ ಹೆಚ್ಚು ಮಂದಿ ಕೆಲಸ ಮಾಡುವಲ್ಲಿ ಶಿಶುಪಾಲನಾ ಕೇಂದ್ರ ಇರಬೇಕೆಂದಾಯಿತು. ನನ್ನ ನಂತರ ಬಂದ ಹುಡುಗಿಯರಿಗೆ ಸ್ಟೋರ್ ರೂಮಿನ ಪಾಡು ತಪ್ಪಿದ್ದರೆ ಅಷ್ಟು ಸಂತೋಷ. ಆದರೆ ಅಪ್ಪಂದಿರ ವಿಷಯ ಅಲ್ಲೇ ನಿಂತಿದೆ. ಕೇಂದ್ರ ಸರ್ಕಾರಿ ನೌಕರರಿಗೆ 15 ದಿನದ ಪಿತೃತ್ವ ರಜೆ ಇದೆ, ಖಾಸಗಿಯವರಿಗೆ ಕೊಡಲೇಬೇಕೆಂಬ ಕಾನೂನಿಲ್ಲ. ಹೆಣ್ಣಿಗೆ ರಜೆ ಹೆಚ್ಚಿಸಿ ಗಂಡಿಗೆ ಕೊಡದಿದ್ದರೆ, ಅವಳು ಹೇಗೂ ಮನೆಯಲ್ಲೇ ಇದ್ದಾಳೆ, ರಾತ್ರಿಯನ್ನೂ ಅವಳೇ ನೋಡಿಕೊಳ್ಳಲಿ ಎಂದಾಗುತ್ತದೆ. ಹಾಗಾಗುವುದನ್ನು ಎಷ್ಟೋ ಮನೆಗಳಲ್ಲಿ ನೋಡಿದ್ದೇನೆ.

ಹೀಗಾಗಿ ಈಗ ಹತ್ತಿರದವರ ಬಾಣಂತನಕ್ಕೆ ಹೋಗುವಾಗ ಫ್ರಾಕು, ಗಿಲಕಿ ಒಯ್ಯುವುದನ್ನು ಬಿಟ್ಟಿದ್ದೇನೆ. ಎರಡು ರಾತ್ರಿ ಉಳಿದು ಬರುತ್ತೇನೆ. ಹೋದ ವರ್ಷ ಮೈಸೂರಿನಲ್ಲಿ ಚಿಕ್ಕಪ್ಪನ ಮಗಳ ಮನೆಗೆ ಹೋಗಿದ್ದೆ. ಅವಳಿಗೆ ತವರಿಗೆ ಹೋಗುವ ಅನುಕೂಲ ಇರಲಿಲ್ಲ, ಅಮ್ಮ ಇಲ್ಲ. ನಾನು ರಾತ್ರಿ ಕೂರುತ್ತೇನೆ ಎಂದಾಗ ಅವಳ ಅತ್ತೆಗೆ ಇರಿಸುಮುರಿಸಾಯಿತು, ಬಂದವರಿಂದ ಕೆಲಸ ಮಾಡಿಸಿಕೊಂಡ ಹಾಗಾಗುತ್ತದೆ ಎಂದು. "ಕೂಸು ಆಡ್ಸೋಕೆ ಬಂದಿದೀನಿ, ಕೆಲಸಕ್ಕಲ್ಲ" ಎಂದು ಸಮಾಧಾನ ಹೇಳಿ ಅವಳ ಕೋಣೆಯಲ್ಲಿ ಬಾಗಿಲ ಕಡೆ ಹಾಸಿಗೆ ಹಾಸಿಕೊಂಡೆ. ಕುಡಿಸಿ ಮುಗಿದ ಕೂಡಲೇ ಕೈ ಚಾಚಿದೆ. ಅವಳು ಮಗುವನ್ನು ಕೊಟ್ಟು ಒಂದು ಗಳಿಗೆ ನನ್ನನ್ನೇ ನೋಡುತ್ತ ಕೂತಳು, ಮುಂದೇನು ಮಾಡಬೇಕೆಂದು ತೋಚದವಳ ಹಾಗೆ. "ಮಲಕ್ಕೊಳೇ" ಎಂದೆ.

ಎರಡನೇ ರಾತ್ರಿ ಅವಳ ಗಂಡನೂ ಎದ್ದು ಬಂದು ಪಕ್ಕದಲ್ಲಿ ಕೂತ. ಮಗುವಿನ ಗದ್ದವನ್ನು ಹೆಗಲ ಮೇಲೆ ಹೇಗೆ ಇಡಬೇಕು, ಬೆನ್ನನ್ನು ಕೆಳಗಿನಿಂದ ಮೇಲೆ ಹೇಗೆ ನೇವರಿಸಬೇಕು ಎಂದು ಕೇಳಿದ. ತೋರಿಸಿದೆ. ಮೊದಲ ಸಲ ಅವನ ಅಂಗಿಯ ಮೇಲೆಲ್ಲ ಹಾಲು ಕಕ್ಕಿತು, ಎರಡನೇ ಸಲ ತೇಗು ಬಂತು. ಬೆಳಿಗ್ಗೆ ಕಾಫಿ ಕುಡಿಯುವಾಗ ನಾನು ಇನ್ನೊಂದು ದಿನ ಇರಲೇ ಎಂದು ಕೇಳಿದ್ದಕ್ಕೆ ಅವನೇ ಹೇಳಿದ: "ನೀವು ಬಸ್ಸಿಗೆ ಹೊರಡಿ ಅಕ್ಕ. ಇವತ್ತು ರಾತ್ರಿ ನಾನು ಕೂರ್ತೀನಿ."